ಅಂಗೈಗೆ ತಗುಲಿದ್ದು

ಸೀಮೆಸುಣ್ಣ ಕಿರ್ರೆಂದಿತು, ಹಲ್ಲು ಜುಮ್ಮೆಂದಿತು, ಟೀಚರ್ ಹಲಗೆಯ ಮೇಲೆ ಎಚ್ ಬರೆದು ಅಲ್ಲೇ ನಿಂತಳು — ಒಂದೇ ಮೆಟ್ಟಿಲಿನ ಏಣಿ ಕಣೇ ಇದು, ಹತ್ತಿದ್ರೆ ಎಲ್ಲಿಗೂ ಹೋಗಲ್ಲ, ಎಂದು ನಗಿಸುತ್ತಿದ್ದವಳು ಅವಳ ಅಕ್ಕ, ಇಂಗ್ಲಿಷಿನ ಓನಾಮ ಹಾಕಿಸಿದವಳೂ ಅಕ್ಕನೇ, ಎ ಬರುತ್ತೋ ಆ್ಯನ್ ಬರುತ್ತೋ ಅಂತ ತಲೆ ಕೆಡಿಸ್ಕೋಬೇಡ, ಅಂಗೈ ಬಾಯ್ಮುಂದೆ ಹಿಡಿ, ಹೌಸ್ ಅನ್ನು, ಉಸಿರು ಬಡೀತಾ, ಹಾಗಿದ್ರೆ ಎ ಹೌಸ್, ಈಗ ಗಂಟೆಗೆ ಹೇಳೋ ಅವರ್ ಅನ್ನು, ಬಡೀಲಿಲ್ವಾ, ಆ್ಯನ್ ಅವರ್, ಅಷ್ಟೇ — ಅಷ್ಟೇ, ಆ ಅಷ್ಟರಲ್ಲೇ ಇಷ್ಟು ವರ್ಷ ಇಬ್ಬರ ಹೊಟ್ಟೆ ತುಂಬಿದೆ, ಎಲ್ರೂ ಅಂಗೈ ಹಿಡೀರಿ ಅಂದಳು, ನಾಳೆ ಹೋಟೆಲ್ ಕೆಲಸದ ಇಂಟರ್‌ವ್ಯೂಗೆ ಹೋಗುವವರೆಲ್ಲ ಆಕಳಿಕೆ ಮುಚ್ಚುವವರಂತೆ ಅಂಗೈ ಎತ್ತಿದರು, ಬಾಯಿಗಳೆಲ್ಲ ಮರೆಯಾದವು, ಬೆಳಿಗ್ಗೆ ಅಕ್ಕನ ಬಾಯಿ ಅರೆತೆರೆದಿತ್ತು, ಅಕ್ಕಾ, ಕಾಫಿ, ಅಕ್ಕಾ, ಕಣ್ಣು ಬಿಡಲಿಲ್ಲ, ತಿಂಗಳುಗಟ್ಟಲೆ ಹಾಸಿಗೆ ಹಿಡಿದವಳಿಗೆ ನಿದ್ದೆ ಬಂದದ್ದೇ ಪುಣ್ಯ, ಆದರೂ ಅಂಗೈಯನ್ನು ಆ ಬಾಯಿಯ ಮುಂದೆ ಹಿಡಿದಳು, ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು, ಏನೋ ತಣ್ಣಗೆ ತಗುಲಿತು, ತಗುಲಿತಲ್ಲ, ಸದ್ಯ, ಇನ್ನೊಂದು ಸಲ ಹಿಡಿದು ನೋಡಲು ಧೈರ್ಯ ಸಾಲಲಿಲ್ಲ, ಮಲಗಲಿ ಪಾಪ ಎಂದು ಕತ್ತಿನವರೆಗೆ ಹೊದಿಸಿ ಬಾಗಿಲೆಳೆದುಕೊಂಡು ಬಂದಳು, ಪಕ್ಕದ ಮನೆಯಾಕೆ ಹತ್ತಕ್ಕೆ ಗಂಜಿ ಕುಡಿಸಲು ಬರುತ್ತಾಳೆ, ಅವಳ ಹತ್ತಿರ ಬೀಗದಕೈ ಇದೆ, ಏನೂ ಆಗಿಲ್ಲ, ತಗುಲಿತಲ್ಲ — ಮೇಡಂ, ಅವರ್ ಅಂದ್ರೂ ಗಾಳಿ ಬಡೀತಿದೆಯಲ್ಲ, ಎ ಹಾಕೋದಾ, ಹಿಂದಿನ ಬೆಂಚಿನಿಂದ ಕೇಳಿದ, ಆಟೋ ಬಿಟ್ಟು ಹೋಟೆಲ್ ಸೇರಲು ಹೊರಟ ಡ್ರೈವರು, ಎಲ್ಲರೂ ಗೊಳ್ಳೆಂದರು, ಅವಳೂ ನಕ್ಕಳು, ನಗುನಗುತ್ತಲೇ ಅಂದಳು, ಅದು ನಿಮ್ಮ ಉಸಿರಲ್ಲ ಡ್ರೈವರೇ, ಫ್ಯಾನಿನ ಗಾಳಿ, ಮೊದ್ಲು ಫ್ಯಾನ್ ಆರಿಸಿ.

ಟಕ್ಕೆಂದಿತು ಸ್ವಿಚ್ಚು, ರೆಕ್ಕೆಗಳು ನಿಧಾನವಾಗಿ ತಿರುಗಿ ತಿರುಗಿ ಒಂದೊಂದಾಗಿ ಕಣ್ಣಿಗೆ ಬಿದ್ದವು, ಅಕ್ಕನ ಮಂಚದ ಮೇಲಿನದು ಆರುವುದೇ ಇಲ್ಲ, ಸೆಖೆ ಕಣೇ, ಇರ್ಲಿ ಬಿಡು ಅನ್ನುತ್ತಾಳೆ, ಈಗಲೂ ತಿರುಗುತ್ತಿರಬೇಕು, ಅವಳಿಗೆ ಗಾಳಿ ಹಾಕುತ್ತಾ, ಅಥವಾ ಬರೀ ಮಂಚಕ್ಕೆ, ಮೇಜಿನ ಮೇಲೆ ಫೋನು ಗುರ್‍ರೆಂದು ನಡುಗಿತು, ಪಕ್ಕದ ಮನೆಯಾಕೆಯ ಹೆಸರು, ನಿಂತಿತು, ಮತ್ತೆ ನಡುಗಿತು, ಎತ್ತದಿದ್ದರೆ ಅಕ್ಕ ಇನ್ನೂ ಮಲಗಿಯೇ ಇದ್ದಾಳೆ, ಎತ್ತಬೇಡ, ಆದರೆ ಉಸಿರು ಬೆಚ್ಚಗಿರಬೇಕಲ್ಲವೇ, ಯಾರದ್ದೇ ಆಗಲಿ ಬೆಚ್ಚಗೇ ಇರುತ್ತದೆ, ಬೆಳಿಗ್ಗೆ ತಣ್ಣಗಿತ್ತು, ಅರೆತೆರೆದ ಬಾಯಿ, ಅದರ ಮುಂದೆ ತನ್ನ ಅಂಗೈ, ತಣ್ಣಗೆ — ಈಗ ಏನೂ ಬಡೀತಿಲ್ಲ ಮೇಡಂ, ಅಂದ ಡ್ರೈವರು — ಅಂಗೈ, ತಣ್ಣಗೆ, ಅಂಗೈ