ಕೊಡುವ ಕಾಳು ಬೇರೆ

ಯೂನಾ ಪೆಟ್ಟಿಫರ್ ಕೊಟ್ಟ ಬೀನ್ಸ್ ಕಾಳು ಹಾಪ್‌ಫೀಲ್ಡಿನಲ್ಲಿ ಯಾರ ಹಿತ್ತಲಲ್ಲೂ ಹುಟ್ಟುತ್ತಿರಲಿಲ್ಲ. ಅವರ ಹಿತ್ತಲಲ್ಲಿ ಮಾತ್ರ ಹುಟ್ಟುತ್ತಿತ್ತು. ಹುಟ್ಟಿ, ಕಂಬ ಹತ್ತಿ, ಶೆಡ್ಡಿನ ಸೂರು ಮುಟ್ಟಿ, ನೇರಳೆ ಗೀರುಗಳ ಉದ್ದನೆಯ ಕಾಯಿಗಳನ್ನು ಗೊಂಚಲು ಗೊಂಚಲಾಗಿ ಬಿಡುತ್ತಿತ್ತು. ಮಾರ್ಚಿನಲ್ಲಿ ನಡೆಯುವ ಸುಗ್ಗಿ ಪ್ರದರ್ಶನದಲ್ಲಿ ಬೀನ್ಸ್ ತಟ್ಟೆಗೆ ಸಿಗುವ ಮೊದಲ ಬಹುಮಾನದ ನೀಲಿ ರಿಬ್ಬನ್ ವರ್ಷ ವರ್ಷವೂ ಅವರದೇ. ಸೆಪ್ಟೆಂಬರಿನಲ್ಲಿ, ದಕ್ಷಿಣಾರ್ಧಗೋಳದ ಆ ನಾಡಿನಲ್ಲಿ ಚಳಿ ಹಿಂದೆಗೆದು ನೆಲ ಇನ್ನೂ ಬೆಚ್ಚಗಾಗದ ಹೊತ್ತಿನಲ್ಲಿ, ಊರ ಸಭಾಭವನದಲ್ಲಿ ಬೀಜ ವಿನಿಮಯ ನಡೆಯುತ್ತದೆ. ಅಲ್ಲಿಗೆ ಅದೇ ಯೂನಾ ಜಾಡಿ ತುಂಬ ಕಾಳು ತಂದು, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಬಂದವರಿಗೆಲ್ಲ ಚಮಚ ತುಂಬ ಅಳೆದು ಕೊಡುತ್ತಿದ್ದರು. ಕೈ ಬಿಗಿ ಹಿಡಿದವರಲ್ಲ. ಆದರೂ ಊರಿನ ಒಂದು ಬೇಲಿಯ ಮೇಲೂ ಆ ಬಳ್ಳಿ ಕಂಡಿರಲಿಲ್ಲ.

ಮೊದಮೊದಲು ಜನ ಮಳೆಯನ್ನು ಬೈದರು. ಆಮೇಲೆ ಬಸವನಹುಳುವನ್ನು ಬೈದರು. ಎಂಬತ್ತು ದಾಟಿದ ಹೆಂಗಸಿನ ಮುಖ ನೋಡಿಕೊಂಡು ನಿಮ್ಮ ಬೀಜ ಸತ್ತದ್ದು ಎಂದು ಹೇಳುವವರು ಯಾರು? ಎದುರಿಗೆ ಹೇಳದ ಮಾತು ಬೆನ್ನ ಹಿಂದೆ ಬೆಳೆಯಿತು.

ಈ ವರ್ಷ ಅದು ನೋಲೀನಳ ಅಡುಗೆಮನೆಯ ತನಕ ಬಂತು. ಬೀಜ ವಿನಿಮಯ ನಡೆಸುವವಳು ಅವಳೇ. ಊರಿನ ಒಂದೇ ದಿನಸಿ ಅಂಗಡಿಯನ್ನು ಬಹುಕಾಲ ನಡೆಸಿ ಮಾರಿದವಳು. ಯಾರು ಹಣ್ಣನ್ನು ಹಿಸುಕಿ ವಾಪಸ್ ಇಡುತ್ತಾರೆ, ಯಾರ ಕೋಟಿನ ಜೇಬು ಒಳಗೆ ಬರುವಾಗ ತೆಳ್ಳಗಿದ್ದು ಹೋಗುವಾಗ ದಪ್ಪವಾಗಿರುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತು. ಶನಿವಾರಕ್ಕೆ ಮೇಜು ಎಷ್ಟು ಬೇಕು, ಕುಂಬಳಕಾಯಿ ಸೂಪು ಯಾರು ಮಾಡುತ್ತಾರೆ ಎಂದು ಮಾತಾಡಲು ಸಮಿತಿಯವರು ಸೇರಿದ್ದಾಗ ಕ್ಲೈವ್ ವಿಷಯ ಎತ್ತಿದ. ಕ್ಲೈವ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಬೀನ್ಸ್ ತಟ್ಟೆಯಲ್ಲಿ ಯಾವಾಗಲೂ ಎರಡನೆಯವನು.

"ಓವನ್ನಲ್ಲಿಟ್ಟು ಬಾಡಿಸಿ ತರ್ತಾಳೆ ಕಣಮ್ಮ ಮುದುಕಿ," ಎಂದ. "ನೋಡೋಕೆ ಲಕ್ಷಣವಾಗಿರುತ್ತೆ, ಒಳಗೆ ಜೀವ ಇರಲ್ಲ."

"ನೀನು ನೋಡಿದ್ಯಾ?" ಎಂದಳು ನೋಲೀನ್.

"ನೋಡೋದೇನು, ಆ ರಿಬ್ಬನ್ ನೋಡಿದ್ರೆ ಸಾಲ್ದಾ?"

"ನಿನ್ನ ಹೊಟ್ಟೆಕಿಚ್ಚಿದ್ರೆ ಓವನ್ನೇ ಬೇಡ, ಅದರಲ್ಲೇ ಎಲ್ಲಾ ಬೇಯುತ್ತೆ."

ಎಲ್ಲರೂ ನಕ್ಕರು, ಕ್ಲೈವನೂ ನಕ್ಕ. ಆದರೆ ನಗು ನಿಂತ ಮೇಲೆ ಯಾರೂ ಅವನ ಮಾತನ್ನು ಅಲ್ಲಗಳೆಯಲಿಲ್ಲ. ಅವನು ಮೂರು ಬೇಸಿಗೆ ಬಿತ್ತಿದ್ದನಂತೆ, ಮೂರು ಸಲವೂ ಮಣ್ಣು ಕೆದಕಿ ನೋಡಿದರೆ ಲೋಳೆ. ಉಳಿದವರೂ ಒಬ್ಬೊಬ್ಬರಾಗಿ ತಮ್ಮ ಕತೆ ಹೇಳಿದರು, ಎಲ್ಲ ಒಂದೇ ಕತೆ. ನೋಲೀನ್ ತನ್ನದನ್ನು ಹೇಳಲಿಲ್ಲ. ಅವಳಿಗೆ ಇನ್ನೊಂದು ವಿಷಯ ನೆನಪಾಗಿತ್ತು. ಬೇಸಿಗೆಯಲ್ಲಿ ಯೂನಾ ಊರೊಳಗೆ ಕೋಲೂರಿಕೊಂಡು ನಡೆದು ಬರುವಾಗ ಪ್ರತಿ ಬೇಲಿಯ ಹತ್ತಿರ ನಿಲ್ಲುತ್ತಿದ್ದರು. ಹಣೆಗೆ ಕೈ ಅಡ್ಡ ಹಿಡಿದು ಒಳಗೆ ಇಣುಕಿ, ತಲೆ ಅಲ್ಲಾಡಿಸಿ ಮುಂದಿನ ಬೇಲಿಗೆ ಹೋಗುತ್ತಿದ್ದರು. ತಮ್ಮ ಬಳ್ಳಿ ಎಲ್ಲೂ ಬಂದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕಲ್ಲದೆ ಮತ್ತೇತಕ್ಕೆ?

ಬೇರೆ ಮೋಸವಾದರೆ ನೋಲೀನ್ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಸತ್ತ ಬೀಜ ಕೊಡುವುದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ. ಇಸ್ಕೊಂಡವರು ನಂಬಿ ನೆಲ ಹದ ಮಾಡುತ್ತಾರೆ, ಕಂಬ ನೆಡುತ್ತಾರೆ, ನೀರು ಹೊರುತ್ತಾರೆ. ಮೋಸ ಗೊತ್ತಾಗುವಷ್ಟರಲ್ಲಿ ಬೇಸಿಗೆ ಕೈಬಿಟ್ಟು ಹೋಗಿರುತ್ತದೆ. ಯೂನಾಗೆ ಈ ಸಲ ಮೇಜು ಕೊಡುವುದು ಬೇಡ ಎಂದು ಸಮಿತಿ ತೀರ್ಮಾನಿಸಿತು. ಬಾಗಿಲಲ್ಲಿ ನಿಂತು ಹೇಳುವ ಕೆಲಸ ನೋಲೀನಳ ಪಾಲಿಗೆ ಬಂತು. ಒಂದು ಸಲ ಹೇಳಿದರೆ ಆಯಿತು, ಆಮೇಲೆ ಯೂನಾ ಈ ಭವನದ ಮೆಟ್ಟಿಲು ಹತ್ತುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅವಳು ಮೊದಲು ತಾನೊಮ್ಮೆ ಪರೀಕ್ಷಿಸಿ ನೋಡಬೇಕು ಎಂದಳು.

ಯೂನಾ ಮನೆಯಿರುವುದು ಗುಡ್ಡದ ಮಗ್ಗುಲಿನ ತಗ್ಗಿನಲ್ಲಿ. ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಬಿಸಿಲು ಗುಡ್ಡದ ಹಿಂದೆ ಹೋಗಿಬಿಡುತ್ತದೆ. ಬಟ್ಟೆ ಹಗ್ಗದ ಮೇಲೆ ದಿನಗಟ್ಟಲೆ ತೂಗುತ್ತಿರುತ್ತದೆ. ಶನಿವಾರದ ಚಹಾಕ್ಕೆ ನಿಮ್ಮ ದೊಡ್ಡ ಕೆಟಲು ಬೇಕಿತ್ತು ಎಂದು ನೆಪ ಹೇಳಿಕೊಂಡು ನೋಲೀನ್ ಹೋದಾಗ ಯೂನಾ ಶೆಡ್ಡಿನಲ್ಲಿದ್ದರು. ತೊಲೆಗೆ ಒಣಗಲೆಂದು ಬಳ್ಳಿಗಳನ್ನು ತಲೆಕೆಳಗಾಗಿ ಕಟ್ಟಿದ್ದರು, ಕಾಯಿಗಳಿನ್ನೂ ಬಿಡಿಸಿರಲಿಲ್ಲ. ನೋಲೀನ್ ಸಹಜವೆಂಬಂತೆ ಒಂದು ಕಾಯಿಗೆ ಕೈ ಹಾಕಿದಳು.

"ಅದನ್ನ ಬಿಡು ಕಣೇ," ಎಂದರು ಯೂನಾ. "ಅದು ನನಗೆ ಇಟ್ಕೊಂಡಿರೋದು. ನಿಮಗೆಲ್ಲ ಕೊಡೋದು ಬೇರೆ, ಅದು ಮನೆಯೊಳಗಿದೆ."

ನೋಲೀನ್ ಕೈ ಹಿಂದೆ ತೆಗೆದಳು. ಕಳ್ಳರು ಇಷ್ಟು ನಿರಾಳವಾಗಿ ಒಪ್ಪಿಕೊಳ್ಳುವುದನ್ನು ಅವಳು ಅಂಗಡಿಯಲ್ಲಿ ಕಂಡಿರಲಿಲ್ಲ. ಬೇರೆ ಯಾಕೆ ಎಂದು ಕೇಳಬಹುದಿತ್ತು. ಕೇಳಿದರೆ ತನಗೆ ಅನುಮಾನ ಬಂದದ್ದು ತಿಳಿದುಹೋಗುತ್ತದೆ ಎಂದು ಕೆಟಲಿನ ಮಾತೆತ್ತಿದಳು. ಕೆಟಲು ತರಲು ಯೂನಾ ಒಳಗೆ ಹೋದರು. ಅವರ ಕೋಲಿನ ಸದ್ದು ದೂರವಾಗುವವರೆಗೆ ಕಾದು, ಅಷ್ಟು ಜನರ ಜೇಬು ಕಾದಿದ್ದವಳು ಎರಡು ಕಾಯಿ ಕಿತ್ತು ತನ್ನ ಜೇಬಿಗೆ ಇಳಿಸಿದಳು.

ಮನೆಗೆ ಬಂದು ಬಿಡಿಸಿದರೆ ಕಾಳಿನಲ್ಲಿ ಅಲ್ಲಲ್ಲಿ ಸೂಜಿ ಚುಚ್ಚಿದಂಥ ತೂತು. ಒಂದು ನುಸಿ ಮೇಜಿನ ಮೇಲೆ ಹರಿದುಹೋಯಿತು. ಅವಳು ಆ ಕಾಳುಗಳನ್ನು ಒಂದು ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿದಳು. ಹೋದ ವರ್ಷ ಯೂನಾ ಚಮಚದಲ್ಲಿ ಅಳೆದು ಕೊಟ್ಟಿದ್ದ, ಬಿತ್ತದೆ ಉಳಿದಿದ್ದ ಕಾಳನ್ನು ಇನ್ನೊಂದರಲ್ಲಿ ಕಟ್ಟಿ, ಎರಡನ್ನೂ ಒಲೆಯ ಪಕ್ಕ ಬೆಚ್ಚಗಿಟ್ಟಳು. ವಾರ ಕಳೆಯುವುದರೊಳಗೆ ಕದ್ದ ಕಾಳು ಬಾಲ ಬಿಟ್ಟಿತು. ಕೊಟ್ಟ ಕಾಳು ಊದಿಕೊಂಡು, ಹಿಚುಕಿದರೆ ಜಾರಿ, ಮೂಗು ಮುಚ್ಚುವಷ್ಟು ನಾತ ಹೊಡೆಯಿತು.

ಇನ್ನೇನು ಬೇಕು? ಕ್ಲೈವನಿಗೆ ಫೋನು ಮಾಡಿ ವಿಷಯ ಹೇಳಿದಳು. ಶನಿವಾರ ತಾನೇ ಮಾತಾಡುತ್ತೇನೆ, ನೀನು ಮಾತ್ರ ಬಾಯಿ ಹಾಕಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಅವನು ಹೂಂ ಎಂದ ರೀತಿಯಲ್ಲೇ ಅವನಿಗೆಷ್ಟು ಖುಷಿಯಾಗಿದೆ ಎಂದು ಗೊತ್ತಾಯಿತು. ಅದು ಅವಳಿಗೆ ಹಿಡಿಸಲಿಲ್ಲ.

ಶನಿವಾರ ಭವನ ಬೇಗ ತುಂಬಿತು. ಮಡಚುವ ಮೇಜುಗಳ ಮೇಲೆ ಹಳೆಯ ಬಿಸ್ಕತ್ತು ಡಬ್ಬಿಗಳು, ಕಾಗದದ ಪೊಟ್ಟಣಗಳು, ಜಡೆ ಹೆಣೆದ ಬೆಳ್ಳುಳ್ಳಿ, ಮೊಳಕೆ ಕಣ್ಣು ಬಿಟ್ಟ ಆಲೂಗಡ್ಡೆ. ಬಾಗಿಲ ಮೇಲೆ ನೋಲೀನ್ ಎಂದೋ ಅಂಟಿಸಿದ ಕಾಗದ: ನುಸಿ ಹಿಡಿದ ಕಾಳು ಒಳಗೆ ತರಬಾರದು. ಮೊದಲ ವರ್ಷ ಯಾರದೋ ಜಾಡಿಯಿಂದ ನುಸಿ ಹೊರಟು ಪಕ್ಕದ ಮೇಜಿಗೆಲ್ಲ ಹರಡಿದ ಮೇಲೆ ಮಾಡಿದ ನಿಯಮ. ಕಿಟಕಿ ಪಕ್ಕದ ಜಾಗ ಖಾಲಿಯಿತ್ತು. ಬಂದವರೆಲ್ಲ ಅದನ್ನು ನೋಡಿ ನೋಡದವರಂತೆ ಹೋಗುತ್ತಿದ್ದರು. ಕ್ಲೈವ್ ಸೂಪಿನ ಪಾತ್ರೆಯ ಹಿಂದೆ ಸೌಟು ಹಿಡಿದು ಬಾಗಿಲನ್ನೇ ನೋಡುತ್ತ ನಿಂತಿದ್ದ.

ಯೂನಾ ಉಣ್ಣೆಯ ಟೋಪಿ ಹಾಕಿಕೊಂಡು, ಬಟ್ಟೆ ಚೀಲವನ್ನು ಎದೆಗವಚಿ ಬಂದರು. ನೋಲೀನ್ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

"ಯೂನಾ, ಈ ಸಲ ನಿಮಗೆ ಮೇಜು ಹಾಕಿಲ್ಲ."

"ಕಿಟಕಿ ಪಕ್ಕ ಬೇರೆಯವರು ಕೂತಿದಾರಾ? ಎಲ್ಲಾದ್ರೂ ಹಾಕು, ಕಾಲು ಚಾಚೋಕೆ ಜಾಗ ಇದ್ರೆ ಆಯ್ತು."

"ಎಲ್ಲೂ ಹಾಕಿಲ್ಲ."

ಯೂನಾ ಅವಳನ್ನೇ ನೋಡಿದರು. ಆಮೇಲೆ ಚೀಲದಿಂದ ಜಾಡಿ ತೆಗೆದು, ಹಾಗಾದರೆ ಇದನ್ನಾದರೂ ನೀನೇ ಹಂಚು ಎಂದು ಮುಂದೆ ಹಿಡಿದರು. ಒಳಗೆ ಹೋಗಬಾರದ ಜಾಡಿ ತನ್ನ ಕೈಗೇ ಬಂದದ್ದು ಒಳ್ಳೆಯದಾಯಿತು ಎಂದುಕೊಂಡು ನೋಲೀನ್ ಹಿಡಿದಳು. ಹಿಡಿದವಳು ಕೈಬಿಡುವುದರಲ್ಲಿದ್ದಳು. ಜಾಡಿ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಗಾಜಿನ ಮೇಲೆ ಬೆವರು ಹನಿಗಟ್ಟಿ ಅವಳ ಮುಂಗೈಗೆ ಇಳಿಯಿತು.

"ಇದೆಲ್ಲಿತ್ತು?"

"ಫ್ರೀಜರಲ್ಲಿ. ಕುರಿಮಾಂಸದ ಕೆಳಗೆ. ಕಾಯಿ ಬಿಡಿಸಿದ ದಿನದಿಂದ ಅಲ್ಲೇ ಇತ್ತು."

"ಫ್ರೀಜರಲ್ಲಿ ಯಾಕೆ?"

"ಕೇಳ್ತೀಯಲ್ಲ. ನೀನೇ ತಾನೇ ಅಂಟಿಸಿದ್ದು?" ಯೂನಾ ಕೋಲೆತ್ತಿ ಬಾಗಿಲ ಮೇಲಿನ ಕಾಗದವನ್ನು ಮುಟ್ಟಿದರು. "ಎಲ್ಲರೆದುರು ನನ್ನ ಜಾಡಿ ಎತ್ಕೊಂಡು ಹೋಗಿ ಕೋಳಿಗೆ ಸುರಿದು ಬಂದ್ಯಲ್ಲ, ಮರೆತ್ಯಾ? ಮನೇಲಿಟ್ಟಿದ್ದು ನುಸಿ ತಿಂದ್ರೂ ನಾನು ಸುಧಾರಿಸ್ಕೋತೀನಿ. ಕೊಡೋದ್ರಲ್ಲಿ ಒಂದು ನುಸಿ ಇರಬಾರದು ಅಂತ ಅವತ್ತಿಂದ ಹೀಗೆ."

ನೋಲೀನ್ ಮರೆತಿದ್ದಳು. ಯಾರದೋ ಜಾಡಿ ಎಂಬುದಷ್ಟೇ ಅವಳ ತಲೆಯಲ್ಲಿ ಉಳಿದಿತ್ತು. ಮುಚ್ಚಳ ತಿರುಗಿಸಿ ಒಂದು ಕಾಳು ಬಾಯಿಗೆ ಹಾಕಿಕೊಂಡು, ಥಂಡಿ ಬಿಡುವ ತನಕ ನಾಲಿಗೆಯ ಮೇಲಿಟ್ಟು, ಕಚ್ಚಿದಳು. ಒಣಗಿದ ಕಾಳಿಗೆ ಹಲ್ಲು ಕೂರುವುದಿಲ್ಲ. ಇದಕ್ಕೆ ಗಿಣ್ಣಿಗೆ ಕೂತಂತೆ ಕೂತಿತು. ಆ ತಗ್ಗಿನಲ್ಲಿ ಯಾವುದು ತಾನೇ ಒಣಗುತ್ತದೆ?

"ಯೂನಾ, ಇದು ಹುಟ್ಟಲ್ಲ," ಎಂದಳು. "ಹಸಿ ಇರುವಾಗಲೇ ಫ್ರೀಜರಿಗೆ ಹಾಕಿದ್ರೆ ಒಳಗಿನ ನೀರು ಹೆಪ್ಪುಗಟ್ಟಿ ಮೊಳಕೆ ಸಾಯುತ್ತೆ. ನುಸೀನೂ ಸತ್ತಿದೆ, ಕಾಳೂ ಸತ್ತಿದೆ. ಯಾರ ಮನೇಲೂ ಇದುವರೆಗೆ ಒಂದೂ ಬಂದಿಲ್ಲ."

"ಒಂದೂ?"

"ಒಂದೂ ಇಲ್ಲ. ಕ್ಲೈವ್ ಮೂರು ಸಲ ಬಿತ್ತಿದಾನೆ."

"ಬಿತ್ತಿದ್ನಾ ಅವನು?" ಯೂನಾ ಮೆಟ್ಟಿಲ ಕಟ್ಟೆಯ ಮೇಲೆ ಕೂತುಬಿಟ್ಟರು. "ನಾನು ಬೇಸಿಗೆ ಬೇಸಿಗೆಗೂ ಬೇಲಿ ಬೇಲಿ ನೋಡ್ಕೊಂಡು ಬರ್ತಿದ್ದೆ. ಎಲ್ಲೂ ಇಲ್ಲ. ಮುದುಕಿ ಬೇಜಾರು ಮಾಡ್ಕೋತಾಳೆ ಅಂತ ಕೈಯೊಡ್ಡಿ ಇಸ್ಕೊಂಡು, ಮನೆಗೆ ಹೋಗಿ ಕೋಳಿಗೆ ಹಾಕ್ತೀರಿ ಅಂದ್ಕೊಂಡಿದ್ದೆ. ಈ ಊರಿನ ಕೋಳಿಗಳನ್ನ ಕಂಡ್ರೂ ನನಗೆ ಆಗ್ತಿರಲಿಲ್ಲ."

"ಮತ್ತೆ ಯಾಕೆ ಕೊಡ್ತಿದ್ರಿ?"

"ನೀವ್ಯಾಕೆ ಇಸ್ಕೊಳ್ತಿದ್ರಿ?"

ಒಳಗಿನಿಂದ ತಟ್ಟೆ ಲೋಟಗಳ ಸದ್ದು ಕೇಳುತ್ತಿತ್ತು. ಮೇಜು ಯಾಕೆ ಹಾಕಲಿಲ್ಲ ಎಂದು ಯೂನಾ ಈಗ ನಿಧಾನವಾಗಿ ಕೇಳಿದರು. ನೋಲೀನ್ ಮುಚ್ಚಿಡದೆ ಹೇಳಿದಳು: ರಿಬ್ಬನ್ನಿನ ಮಾತು, ಓವನ್ನಿನ ಮಾತು, ತನ್ನ ಅಡುಗೆಮನೆಯಲ್ಲಿ ಕೂತು ಮಾಡಿದ ತೀರ್ಮಾನ. ಯೂನಾ ಕೇಳಿಸಿಕೊಂಡರು. ಆಮೇಲೆ ಜಾಡಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಚೀಲದೊಳಗಿಟ್ಟು, ಕೋಲೂರಿ ಎದ್ದರು. ಒಂದು ಮೆಟ್ಟಿಲು ಇಳಿದರು. ಇನ್ನೊಂದು ಇಳಿದರು. ಇಳಿಯುವವರ ಬೆನ್ನು ನೋಡಿದರೆ, ಇವರು ಇನ್ನು ಈ ಕಡೆ ಬರುವವರಲ್ಲ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಕ್ಷಮೆ ಕೇಳಿದರೆ ಅವರು ನಿಲ್ಲುವುದಿಲ್ಲ ಎಂಬುದೂ ನೋಲೀನಳಿಗೆ ಗೊತ್ತಿತ್ತು.

"ನಿಮ್ಮ ಶೆಡ್ಡಿಂದ ಕಾಯಿ ಕದ್ದೆ," ಎಂದಳು. "ಅವತ್ತು ಕೆಟಲಿಗೆ ಬಂದಾಗ. ಮೊಳಕೆ ಕಟ್ಟಿದ್ದೀನಿ."

ಕೋಲು ನಿಂತಿತು. "ಎಷ್ಟು ಕದ್ದೆ?"

"ಎರಡು."

"ಎಷ್ಟು ಕಾಳು ಬಂತು?"

"ಎಲ್ಲಾ ಬಂತು. ನುಸಿ ಕೊರೆದಿದ್ದೂ ಬಂತು."

ಯೂನಾ ತಿರುಗಿದರು. ಸಿಟ್ಟು ಇಳಿದಿರಲಿಲ್ಲ, ಆದರೆ ಕಣ್ಣು ಬೇರೆ ಲೆಕ್ಕ ಹಾಕುತ್ತಿತ್ತು. "ಬರೀ ಎರಡಾ?" ಎಂದರು. "ಕದಿಯೋಳು ಕೈತುಂಬ ಕದಿಯಬಾರದಾ? ಎರಡು ಕಾಯಿ ಯಾವ ಮೂಲೆಗೆ ಸಾಕಾಗುತ್ತೆ?"

ಬಾಗಿಲು ಸರಿಯಿತು. ಸೌಟು ಹಿಡಿದೇ ಹೊರಗೆ ಬಂದಿದ್ದ ಕ್ಲೈವ್ ಎಷ್ಟು ಹೊತ್ತಿನಿಂದ ಅಲ್ಲಿದ್ದನೋ, ಅವನ ಮುಖ ನೋಡಿದರೆ ಮುಕ್ಕಾಲು ಪಾಲು ಕೇಳಿಸಿಕೊಂಡಂತಿತ್ತು. ನಿನ್ನ ಪಿಕಪ್ ಗಾಡಿ ತೆಗೆ, ಶೆಡ್ಡಿನ ಬಳ್ಳಿ ತರಬೇಕು ಎಂದಳು ನೋಲೀನ್. ಅವನು ಕಾಗದದ ಕಡೆ ನೋಡಿದ.

"ನುಸಿ ಕಾಳು ಒಳಗೆ ತರೋ ಹಾಗಿಲ್ಲವಲ್ಲ."

"ಯಾರು ಒಳಗೆ ತರ್ತಾರೆ? ಹೊರಗೆ ಮರದ ಕೆಳಗೆ ನಿಲ್ಲಿಸು."

ಹೀಗಾಗಿ ಆ ವರ್ಷ ಯೂನಾ ಮೇಜು ಹಾಕಿದ್ದು ಗಾಡಿಯ ಹಿಂಭಾಗದಲ್ಲಿ. ಪಕ್ಕಕ್ಕೆ ಬಳ್ಳಿಯ ರಾಶಿ, ಭುಜಕ್ಕೆ ನೋಲೀನಳ ಕೋಟು. ಜನ ಸೂಪಿನ ಬಟ್ಟಲು ಹಿಡಿದು ಒಬ್ಬೊಬ್ಬರಾಗಿ ಹೊರಗೆ ಬಂದರು. ನುಸಿಯಿರುವ ಈ ಕಾಳನ್ನು ಡಬ್ಬಿಯಲ್ಲಿ ಇಡುವ ಹಾಗಿಲ್ಲ, ನೇರವಾಗಿ ಮಣ್ಣಿಗೆ ಹೋಗಬೇಕು, ನೆಲ ಬೆಚ್ಚಗಾಗದಿದ್ದರೆ ಕುಂಡಕ್ಕೆ ಎಂದು ನೋಲೀನ್ ಎಲ್ಲರಿಗೂ ಹೇಳಿದಳು. ಮೊದಲಿನ ಯೂನಾ ಆಗಿದ್ದರೆ ಚಮಚ ತುಂಬ ಕೊಟ್ಟು ಕಳಿಸುತ್ತಿದ್ದರು. ಇವತ್ತಿನವರು ಹಾಗೆ ಬಿಡಲಿಲ್ಲ. ಯಾವ ಬೇಲಿ, ಬಿಸಿಲು ಎಷ್ಟು ಹೊತ್ತು, ಕಂಬ ಯಾವ ಮರದ್ದು, ಕೋಳಿ ಇವೆಯೋ ಎಂದು ಪೊಲೀಸರಂತೆ ವಿಚಾರಿಸಿಯೇ ಕಾಯಿ ಕೈಗಿಟ್ಟರು. ಕೋಳಿ ಇವೆ ಎಂದವರಿಗೆ ಎರಡು ಕಾಯಿ ಕಡಿಮೆ.

ಕ್ಲೈವ್ ಕೊನೆಗೆ ಬಂದ. ಒಂದು ಕಾಯಿ ಬಿಡಿಸಿ, ಕಾಳನ್ನು ಬೆಳಕಿಗೆ ಹಿಡಿದು ನೋಡಿ, ಮೂಗಿನ ಹತ್ತಿರ ತಂದ.

"ಏನು ಮೂಸ್ತಿದ್ದೀಯ?"

"ಓವನ್ ವಾಸನೆ ಇದ್ಯಾ ಅಂತ."

ಯೂನಾ ಅವನ ಕೈಯಿಂದ ಕಾಳು ಕಿತ್ತುಕೊಂಡರು. "ಮೊದಲು ನೀನು ಬಿತ್ತೋ ಜಾಗ ತೋರಿಸು. ಆಮೇಲೆ ಕಾಳು."

"ಈಗಲೇನಾ?"

"ನಿನ್ನ ಮಾತು ನಂಬಿ ಕೊಡೋಕೆ ನನಗೇನು ಹುಚ್ಚಾ?"

ಉಳಿದ ಕಾಯಿಗಳನ್ನು ಮಡಿಲಿಗೆ ಹಾಕಿಕೊಂಡು ಅವರು ಮುಂದಿನ ಸೀಟಿಗೆ ಹತ್ತಿ ಕೂತರು. ಕ್ಲೈವ್ ಏನೋ ಗೊಣಗುತ್ತ ಗಾಡಿ ಬಿಟ್ಟ. ಅವನ ಮನೆ ರಸ್ತೆಯ ಆ ತುದಿಯಲ್ಲೇ. ನೋಲೀನ್ ಮೆಟ್ಟಿಲ ಮೇಲೆ ನಿಂತು ನೋಡಿದಳು. ಗಾಡಿ ಬೇಲಿಯ ಹತ್ತಿರ ನಿಂತಿತು. ಕ್ಲೈವ್ ಇಳಿದ, ಯೂನಾ ಇಳಿಯಲಿಲ್ಲ. ಗಾಜು ಕೆಳಗಾಯಿತು, ಕೋಲು ಹೊರಗೆ ಬಂತು, ನೆಟ್ಟಿದ್ದ ಕಂಬಗಳ ಕಡೆ ಅತ್ತಿತ್ತ ಆಡಿತು. ಕ್ಲೈವ್ ಸೊಂಟದ ಮೇಲೆ ಕೈಯಿಟ್ಟು ಒಂದಿಷ್ಟು ಹೊತ್ತು ವಾದ ಮಾಡಿದ. ಆಮೇಲೆ ಒಂದು ಕಂಬ ಕಿತ್ತು, ಎರಡು ಹೆಜ್ಜೆ ಆಚೆ ನೆಟ್ಟು, ತಿರುಗಿ ನೋಡಿದ. ಕೋಲು ಇನ್ನೂ ಆಚೆಗೆ ಎಂದು ತೋರಿಸಿತು.