ಕಲ್ಲಮ್ಮನ ಮೂರು ಸಾಲು

ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸಿನಿಂದ ರಶೀದಾಳನ್ನು ತೆಗೆದುಹಾಕುವ ಕಾಗದ ಟೈಪು ಮಾಡಿದವನು ನಾನೇ. ಶನಿವಾರ ಮ್ಯಾನೇಜರ್ ಚನ್ನಕೇಶವಯ್ಯನವರು ಸಹಿ ಹಾಕುವುದೊಂದು ಬಾಕಿಯಿತ್ತು. ಅದು ೧೯೮೮ರ ಫೆಬ್ರವರಿ.

ರಶೀದಾ ಅತ್ತಿಗುಂಡಿಯ ಜೀಪ್ ಮೆಕ್ಯಾನಿಕ್ ರಜಬ್ ಅಲಿಯವರ ಮಗಳು. ಎರಡು ವರ್ಷದ ಹಿಂದೆ ನಮ್ಮ ಹಳೇ ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಬರೆದಿದ್ದಳು. ತೋಟಗಳಿಂದ ಬಂದ ಕಾಫಿ ಸರಿಯಾಗಿ ಒಣಗಿದೆಯೋ ಎಂದು ನೋಡಲು ಒಂದು ಹಿಡಿ ಕಾಳು ತೂಗಿ ಕರೆಂಟಿನ ಒಲೆಗೆ ಇಡುವುದು. ಇಪ್ಪತ್ತು ನಿಮಿಷಕ್ಕೆ ಕಂಪ್ಯೂಟರ್ ಗಂಟೆ ಬಾರಿಸುತ್ತದೆ. ಮತ್ತೆ ತೂಗಿದರೆ ಕಾಳಿನಲ್ಲಿ ಎಷ್ಟು ನೀರಿತ್ತೆಂದು ಅದೇ ಹೇಳುತ್ತದೆ. ಆ ಯಂತ್ರದಲ್ಲಿ ಗಡಿಯಾರವಿರಲಿಲ್ಲ. ನಿಮಿಷಕ್ಕೆ ಅದು ಎಷ್ಟರವರೆಗೆ ಎಣಿಸುತ್ತದೆಂದು ನೋಡಿಕೊಂಡು, ರಶೀದಾ ಆ ಎಣಿಕೆಯಿಂದಲೇ ಹೊತ್ತು ಅಳೆಯುತ್ತಿದ್ದಳು.

ನನಗೆ ಅವಳ ಮೇಲೆ ಒಳಗೊಳಗೇ ಸಿಟ್ಟಿತ್ತು. ಮೂವತ್ತು ವರ್ಷದಿಂದ ಕಣದಲ್ಲಿ ಕಾಫಿ ಹರವಿ ಒಣಗಿಸುವ ಕಲ್ಲಮ್ಮ ಕಾಳು ಕಚ್ಚಿ ಹೇಳಿದ್ದೇ ನಮಗೆ ವೇದವಾಕ್ಯ. ಅಲ್ಲಿಗೆ ನಿನ್ನೆ ಮೊನ್ನೆ ಬಂದ ಹುಡುಗಿಯ ಪೆಟ್ಟಿಗೆಯೇಕೆ? ಕಲ್ಲಮ್ಮನಿಗೆ ಮಾತ್ರ ಅಂಥ ಹೊಟ್ಟೆಯುರಿ ಇರಲಿಲ್ಲ. ತನ್ನ ಹಲ್ಲೂ ಇವಳ ಪೆಟ್ಟಿಗೆಯೂ ಒಂದೇ ಮಾತು ಹೇಳುತ್ತವೆ ಎಂದು ನಗುತ್ತಿದ್ದಳು.

ಜನವರಿಯಲ್ಲಿ ಹೊಸ ಕಂಪ್ಯೂಟರ್ ಬಂತು. ಮಾರಿದವನು ಬಲು ಜಂಭದ ಆಸಾಮಿ. ಹಳೇ ಪ್ರೋಗ್ರಾಮನ್ನು ತಿದ್ದುವುದೇ ಬೇಡ, ಥೇಟು ಹಳೇ ಯಂತ್ರದ ಹಾಗೆ ನಟಿಸುವ ಪ್ರೋಗ್ರಾಂ ಒಂದು ಇದರಲ್ಲಿದೆ, ಅದರೊಳಗೆ ಕೂರಿಸಿದರೆ ಮನೆ ಬದಲಾಗಿದ್ದೇ ಅದಕ್ಕೆ ತಿಳಿಯುವುದಿಲ್ಲ ಎಂದ. ಹಳೆಯದು ಗುಜರಿಗೆ ಹೋಯಿತು.

ಆಮೇಲೆ ಶುರುವಾಯಿತು ರಗಳೆ. ಬಾಳೂರಿನ ಒಳ್ಳೇ ಕಾಫಿಯೂ ಹಸಿ ಎಂದು ವಾಪಸು ಹೋಗತೊಡಗಿತು. ಕಲ್ಲಮ್ಮ ಕಚ್ಚಿ ನೋಡಿ ಒಣಗಿದೆ ಎಂದರೆ, ನಿನ್ನ ಹಲ್ಲಿಗೆ ವಯಸ್ಸಾಯಿತು ಎಂದು ಬಾಯಿ ಮುಚ್ಚಿಸಿದರು. ಬೆಳೆಗಾರರು ಜಗಳಕ್ಕೆ ಬಂದಾಗ ತಪ್ಪೆಲ್ಲ ರಶೀದಾಳ ತಲೆಗೆ ಬಂತು. ಪಾಪ, ಅವಳು ಪ್ರೋಗ್ರಾಮಿನ ಅಕ್ಷರ ಅಕ್ಷರವನ್ನೂ ತಡಕಾಡಿದಳು. ಎಷ್ಟು ನಿಮಿಷವಾಯಿತೆಂದು ಕೇಳಿದರೆ ಅದು ಇಪ್ಪತ್ತೇ ಎನ್ನುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಅವಳು ಬುತ್ತಿ ಬಿಚ್ಚದೆ ಕಣದ ಕಟ್ಟೆಯ ಮೇಲೆ ಅಳುತ್ತ ಕೂತಿದ್ದಳು. ಕಲ್ಲಮ್ಮ ಸಮಾಧಾನಕ್ಕೆ ಬಂದಳು. ನಾನೂ ಅಲ್ಲೇ ಇದ್ದೆ.

"ಅಳಬೇಡ ಮಗಾ. ಮುಂಚೆ ನೀನು ಕಾಳು ಒಲೆಗಿಟ್ಟು ಗಂಟೆ ಹೊಡಿಯೋದ್ರೊಳಗೆ ನಾನು ಮೂರು ಸಾಲು ಕಾಫಿ ಕೆದರ್ತಿದ್ದೆ. ಈ ಹೊಸ ಪೆಟ್ಟಿಗೆ ಬಂದ್ಮೇಲೆ ನಾಲ್ಕು ಕೆದರ್ತೀನಿ. ಈ ವಯಸ್ಸಲ್ಲಿ ನನ್ನ ಕೈ ಚುರುಕಾಯ್ತು ನೋಡು."

ರಶೀದಾಳ ಅಳು ಅಲ್ಲಿಗೇ ನಿಂತಿತು. ಎದ್ದವಳೇ ನನ್ನ ವಾಚು ಬಿಚ್ಚಿಸಿಕೊಂಡು ಒಳಗೆ ಓಡಿದಳು. ಕಾಳು ಒಲೆಗಿಟ್ಟಳು. ಗಂಟೆ ಬಾರಿಸಿದಾಗ ತೆರೆಯ ಮೇಲೆ ಇಪ್ಪತ್ತು ನಿಮಿಷ, ನನ್ನ ವಾಚಿನಲ್ಲಿ ಇಪ್ಪತ್ತೇಳು. ಕಾಳು ನೀರಷ್ಟೇ ಅಲ್ಲ, ಸೀದು ತೂಕವನ್ನೂ ಕಳೆದುಕೊಂಡಿತ್ತು. ಆ ತೂಕವನ್ನೂ ಪೆಟ್ಟಿಗೆ ನೀರೆಂದೇ ಲೆಕ್ಕ ಹಾಕುತ್ತಿತ್ತು. ಒಂದು ತಿಂಗಳಿಂದ ನಾವ್ಯಾರೂ ಗಡಿಯಾರ ನೋಡಿರಲಿಲ್ಲ. ಎರಡು ವರ್ಷದಿಂದ ಆ ಗಂಟೆ ಕೇಳಿಯೇ ಕಾಫಿ ಕುಡಿಯಲು ಏಳುತ್ತಿದ್ದವರು ನಾವು.

ಚನ್ನಕೇಶವಯ್ಯನವರ ಎದುರು ಗೋಡೆ ಗಡಿಯಾರ ಇಟ್ಟುಕೊಂಡು ಇನ್ನೊಮ್ಮೆ ತೋರಿಸಿದಳು. ತಾನಿರುವುದು ಹಳೇ ಯಂತ್ರದಲ್ಲಲ್ಲ ಎಂದು ಪ್ರೋಗ್ರಾಮಿಗೆ ಗೊತ್ತಾಗಬೇಡವೇ ಎಂದು ಅವರು ಕೇಳಿದರು.

"ಗೊತ್ತಾಗಲ್ಲ ಸರ್. ಹೊಸದು ಹಳೇದರ ಹಾಗೆ ನಟಿಸ್ತಾ ನಿಧಾನವಾಗಿ ಎಣಿಸುತ್ತೆ. ಎಣಿಕೆ ನಿಧಾನ ಆದ್ರೆ ಅದರ ನಿಮಿಷಾನೂ ನಿಧಾನ. ಒಳಗೆ ಕೂತವರಿಗೆ ಎಲ್ಲಾ ಸರಿಯಾಗೇ ಕಾಣುತ್ತೆ. ಹೊರಗಿನವರನ್ನ ಕೇಳಬೇಕು."

ಅವರು ನನ್ನ ಕಡೆ ಕೈಚಾಚಿ ಕಾಗದ ಈಸಿಕೊಂಡು ಹರಿದುಹಾಕಿದರು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ರಶೀದಾ ಎಣಿಕೆ ತಿದ್ದಿದಳು. ಅಂದಿನಿಂದ ದಿನದ ಮೊದಲ ಗಂಟೆ ಬಾರಿಸಿದ ಮೇಲೆ, ಹೊರಗೆ ಎಷ್ಟು ಸಾಲಾಯಿತೆಂದು ಪ್ರೋಗ್ರಾಂ ಕೇಳುತ್ತದೆ. ಗಡಿಯಾರ ನೋಡಲು ಬಾರದ ಕಲ್ಲಮ್ಮ ಕಿಟಕಿಗೆ ಬಂದು ಹೇಳಬೇಕು. ಮೂರಲ್ಲದಿದ್ದರೆ ಅದು ಮುಂದಕ್ಕೆ ಹೋಗುವುದಿಲ್ಲ.

ಮೊದಲ ದಿನ ಮೂರು ಎಂದು ಹೇಳಿದ ಕಲ್ಲಮ್ಮ ಕಿಟಕಿಯಲ್ಲೇ ನಿಂತಳು. ಹಾಗಾದರೆ ತನ್ನ ಕೈ ಚುರುಕಾಗಿರಲಿಲ್ಲವೇ ಎಂದು ಸಪ್ಪೆ ಮೋರೆಯಲ್ಲಿ ಕೇಳಿದಳು.

ರಶೀದಾ ಸರಳುಗಳ ನಡುವೆ ಕೈಹಾಕಿ ಆ ಒರಟು ಕೈ ಹಿಡಿದುಕೊಂಡಳು.

"ಇಲ್ಲ ಅಜ್ಜಿ. ನಿಮ್ಮ ಕೈ ಮುಂಚೆ ಹೆಂಗಿತ್ತೋ ಹಂಗೇ ಇತ್ತು. ಅದಕ್ಕೇ ನಾನು ಇನ್ನೂ ಇಲ್ಲಿದ್ದೀನಿ."