ತಿರುವಿನಲ್ಲಿ ನಿಂತ ಕೈ

ಅಮ್ಮ ಅಪ್ಪನ ಎಡಗೈ ಹೆಬ್ಬೆರಳಿನ ಉಗುರನ್ನು ನೇಲ್ ಕಟರ್‌ನ ಬಾಯಿಗೆ ಕೊಟ್ಟಿದ್ದಳು. ಇನ್ನೇನು ಒತ್ತಬೇಕು, ಅಷ್ಟರಲ್ಲಿ ಮಗಳು ಅವಳ ಮಣಿಕಟ್ಟು ಹಿಡಿದಳು.

“ಅದೊಂದು ಬಿಡಮ್ಮ.”

“ಒಂಬತ್ತು ಕತ್ತರಿಸಿದೀನಿ, ಇದೊಂದನ್ನ ಯಾಕೆ ಬಿಡ್ಲಿ? ಮೂವತ್ತು ವರ್ಷ ಈ ಉಗುರಿನ ಜೊತೆ ಸಂಸಾರ ಮಾಡಿದೀನಿ. ಕತ್ತರಿಸ್ಕೊಳ್ಳಿ ಅಂದಾಗೆಲ್ಲ ಕೈ ಹಿಂದಕ್ಕೆ ಎಳ್ಕೊಳ್ತಿದ್ರು. ಇವತ್ತಾದ್ರೂ ಸೋಲ್ಲಿ.”

ಬಾಗಿಲ ಬಳಿ ಕೂತಿದ್ದ ಸಾಣೆ ಮಾವ ನಕ್ಕರು. ನಗು ನಡುವೆಯೇ ಕೆಮ್ಮಾಯಿತು. ಅವರು ಸಂಬಂಧಿಕರಲ್ಲ, ಅಪ್ಪನ ಕಾರ್ಖಾನೆಯಲ್ಲಿ ಟೂಲುಗಳಿಗೆ ಸಾಣೆ ಹಿಡಿಯುತ್ತಿದ್ದವರು.

“ಅತ್ತಿಗೆ, ಆ ಉಗುರಿಗೆ ಬೇರೆ ಸಂಬಳ ಕೊಡಿ ಅಂತ ನಾವು ಮ್ಯಾನೇಜರ್ ಹತ್ರ ಜಗಳ ಆಡಿದ್ವಿ, ಗೊತ್ತಾ?”

ಹೊರಗೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬಂದು ನಿಂತ ಸದ್ದಾಯಿತು.

*

ಹೋದ ವರ್ಷ ಮಗಳು ಅದೇ ಕಾರ್ಖಾನೆಗೆ, ಅಪ್ಪನ ಕೈಕೆಳಗೇ ಸೇರಿದ್ದಳು. ಗಟ್ಟಿ ಉಕ್ಕಿನ ತುಂಡುಗಳಲ್ಲಿ ಎಣ್ಣೆ ಹರಿಯಲು ಬಾಗಿದ ಸಣ್ಣ ಕಾಲುವೆಗಳನ್ನು ಕೊರೆಯುವ ಕೆಲಸ. ಬೆಂಕಿಕಡ್ಡಿಯಷ್ಟು ದಪ್ಪದ ಕಟರ್ ತಿರುಗುತ್ತಿರುತ್ತದೆ. ಅದರ ಕೆಳಗೆ ತುಂಡನ್ನು ಕೈಚಕ್ರದಿಂದ ಸರಿಸುತ್ತ ಹೋಗಬೇಕು. ನೇರವಾದ ಕಡೆ ಕಷ್ಟವಿಲ್ಲ. ತಿರುವು ಬಂದಾಗ ಕೈ ತಾನಾಗಿ ತಡೆಯುತ್ತದೆ. ಕ್ಷಣ ನಿಂತರೂ ಕಟರ್ ಅಲ್ಲೇ ಉಜ್ಜಿ, ಕಣ್ಣಿಗೆ ಸುಲಭಕ್ಕೆ ಕಾಣದ ಒಂದು ಗುರುತು ಬಿಡುತ್ತದೆ.

“ತಿರುವಿನಲ್ಲಿ ಯೋಚ್ನೆ ಮಾಡ್ಬೇಡ,” ಎಂದಿದ್ದ ಅಪ್ಪ. ಪಾಠ ಅಷ್ಟೇ.

ಮುಗಿದ ತುಂಡಿನ ಕಾಲುವೆಯಲ್ಲಿ ಅವನು ಹೆಬ್ಬೆರಳಿನ ಉಗುರು ಎಳೆಯುತ್ತಿದ್ದ. ಜಾರಿದರೆ ಬಲಗಡೆಯ ಟ್ರೇ. ಎಡವಿದರೆ ಎಡಗಡೆಯ ಟ್ರೇ, ಅಲ್ಲಿಂದ ಗುಜರಿಗೆ. ಯಾರ ಕೆಲಸವಾದರೂ ಅಷ್ಟೇ, ಮಾತಿಲ್ಲ.

ಅವಳು ಒಬ್ಬಳೇ ಮಾಡಿದ ಮೊದಲ ತುಂಡಿನಲ್ಲೂ ಉಗುರು ಎಳೆದ. ಎರಡು ಟ್ರೇಗಳ ನಡುವೆ ಅವನ ಕೈ ನಿಂತಿತು. ಆಮೇಲೆ ತುಂಡನ್ನು ಜೇಬಿಗೆ ಹಾಕಿಕೊಂಡು ಟೀ ಕುಡಿಯಲು ಹೋದ.

ಅದೇ ವಾರ ಲಕ್ವ ಹೊಡೆದು ಹಾಸಿಗೆ ಹಿಡಿದ. ನಾಲಿಗೆ ಬಿದ್ದುಹೋಗಿತ್ತು. ಹನ್ನೊಂದು ತಿಂಗಳು ಅವಳು ದಿನವೂ ಕೆಲಸದಿಂದ ಬಂದು ಅವನ ಪಕ್ಕ ಕೂತಳು. ಆ ತುಂಡು ಯಾವ ಟ್ರೇಗೆ ಎಂಬ ಒಂದು ಮಾತು ಮಾತ್ರ ಕೇಳಲಾಗಲಿಲ್ಲ.

*

“ಸರಿ, ಇದನ್ನೇನು ಮಾಡ್ಲಿ?” ಅಮ್ಮ ದಿಂಬಿನ ಕೆಳಗಿನಿಂದ ಅಂಗೈಯಗಲದ ಉಕ್ಕಿನ ತುಂಡೊಂದನ್ನು ತೆಗೆದಳು. “ಪ್ರಾಣ ತಿಂದ್ಬಿಡ್ತು ಇದು. ನೀನು ಕೆಲಸಕ್ಕೆ ಹೋದ್ಮೇಲೆ ದಿನವೆಲ್ಲ ಉಗುರಲ್ಲಿ ಕೆರೀತಾ ಇರೋರು, ಟಿಕ್, ಟಿಕ್ ಅಂತ. ನೀನು ಬಂದ್ರೆ ದಿಂಬಿನ ಕೆಳಗೆ. ನೀರಿಗೆ ಕರೀತಿದಾರೆ ಅಂದ್ಕೊಂಡು ನಾನು ಲೋಟ ತುಂಬ್ಕೊಂಡು ಓಡಿ ಬರೋದು. ಬೇಡ ಅನ್ನೋಕೂ ಆಗ್ದೆ ಕುಡೀತಿದ್ರು, ಪಾಪ.”

ಮಗಳಿಗೆ ಗುರುತು ಸಿಕ್ಕಿತು. ಅವಳದೇ ತುಂಡು.

ಸಾಣೆ ಮಾವ ಅದನ್ನು ಬೆಳಕಿಗೆ ಹಿಡಿದರು. “ಒಂದು ಸ್ಕ್ರೂ ಕೂಡ ಮನೆಗೆ ತಂದೋನಲ್ಲ. ಇದನ್ನ ಕದ್ದನಾ?”

“ಮಾವ, ಇದು ಯಾವ ಟ್ರೇದು?”

ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. “ನನ್ನುಗುರೆಲ್ಲ ಸಾಣೆಕಲ್ಲು ತಿಂದುಬಿಟ್ಟಿದೆ ಕಣಮ್ಮ. ಅವನನ್ನೇ ಕೇಳು.”

ವ್ಯಾನಿನವನು ಹಾರನ್ ಹೊಡೆದ. “ಎರಡು ನಿಮಿಷ ಇರಪ್ಪ!” ಎನ್ನುತ್ತ ಅಮ್ಮ ಹೊರಕೋಣೆಗೆ ಹೋದಳು.

ಮಗಳು ಮಂಡಿಯೂರಿದಳು. ಅಪ್ಪನ ಬೆರಳು ಬಗ್ಗಲಿಲ್ಲ. ಹಾಗಾಗಿ ಉಗುರನ್ನು ಕಾಲುವೆಯೊಳಗೆ ಇಳಿಸಿ, ತುಂಡನ್ನೇ ಮೆಲ್ಲಗೆ ಎಳೆದಳು. ಉಗುರು ಜಾರಿತು. ಇನ್ನೂ ಜಾರಿತು. ತಿರುವಿಗೆ ಬಂದಾಗ ಸದ್ದಾಯಿತು: ಟಿಕ್.

ಎಡಗಡೆಯ ಟ್ರೇ.

ಅವಳು ಬಗ್ಗಿ ನೋಡಿದಳು. ಉಗುರಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇತ್ತು, ನುಣ್ಣಗೆ ಸವೆದದ್ದು. ಅವಳ ಕೈ ಹೆದರಿ ನಿಂತಿದ್ದ ಗುರುತು ಆ ಕಚ್ಚಿನೊಳಗೆ ಸರಿಯಾಗಿ ಕೂತಿತ್ತು. ಉಗುರು ಬೆಳೆಯುತ್ತಲೇ ಇರುತ್ತದೆ. ಕಚ್ಚು ಉಳಿಯಬೇಕಾದರೆ ದಿನವೂ ಎಳೆದಿರಬೇಕು.

ಮತ್ತೊಮ್ಮೆ ಎಳೆದಳು. ಟಿಕ್.

ಹೊರಕೋಣೆಯಲ್ಲಿ ನೀರು ಬಗ್ಗಿಸಿದ ಸದ್ದು ಕೇಳಿಸಿತು. ಮಗಳು ತಿರುಗಿದಳು. ಅಮ್ಮ ಲೋಟ ಹಿಡಿದು ಹೊಸ್ತಿಲವರೆಗೆ ಬಂದುಬಿಟ್ಟಿದ್ದಳು. ಅಲ್ಲೇ ನಿಂತಿದ್ದಳು. ಲೋಟದ ಅಂಚಿನಿಂದ ನೀರು ಅವಳ ಬೆರಳುಗಳ ಮೇಲೆ ಇಳಿಯುತ್ತಿತ್ತು.